ಕುಮಾರ ಗಂಧರ್ವರನ್ನು ಎನಿಯಾಗ್ರಾಮ್‌ನಲ್ಲಿ ಟೈಪ್ 4 ಅಂತ ಓದುವುದು ಸರಿಯೇ?

ನೀಲಾಂಬರಿ (ಬೆಂಗಳೂರು):

ನಮಸ್ಕಾರ. ಇಲ್ಲಿ ಹಿಂದುಸ್ತಾನಿ ಕೇಳುವವರಿದ್ದಾರೆ, ಎನಿಯಾಗ್ರಾಮ್ ಓದಿಕೊಂಡವರೂ ಇದ್ದಾರೆ. ಈ ಇಬ್ಬರೂ ಒಂದೇ ಕಡೆ ಸಿಗುವುದು ಅಪರೂಪ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಹೋಗುವ ಒಂದು ಅಧ್ಯಯನದ ಗುಂಪಿನಲ್ಲಿ ಪ್ರತಿಯೊಬ್ಬರೂ ಒಬ್ಬ ಕಲಾವಿದರ ಬದುಕನ್ನು ಎನಿಯಾಗ್ರಾಮ್ ಹಿಡಿದು ಓದಿ ಮಂಡಿಸಬೇಕು. ನಾನು ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ಆರಿಸಿಕೊಂಡೆ. ಅಪ್ಪ ಬೆಳಗಾವಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡಿದ್ದ ನಿರ್ಗುಣ ಭಜನೆಗಳ (ರೂಪವಿಲ್ಲದ ದೇವರನ್ನು ಹಾಡುವ ಪದಗಳು) ಕ್ಯಾಸೆಟ್ಟು ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಓಡುತ್ತಿತ್ತು. ಪದಗಳ ಅರ್ಥ ತಿಳಿಯದ ವಯಸ್ಸಿನಲ್ಲೇ ಆ ದನಿ ನನ್ನೊಳಗೆ ಕೂತುಬಿಟ್ಟಿದೆ.

ಎನಿಯಾಗ್ರಾಮ್ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ವೃತ್ತ, ಅದರ ಮೇಲೆ ಒಂಬತ್ತು ಬಿಂದು, ಬಿಂದುಗಳನ್ನು ಕೂಡಿಸುವ ಗೆರೆಗಳು. ಒಂದೊಂದು ಬಿಂದು ಒಂದೊಂದು ಬಗೆಯ ಮನುಷ್ಯ. ಪ್ರತಿ ಬಗೆಗೂ ಒಂದು ಮೂಲ ಭಯ, ಒಂದು ಮೂಲ ಹಂಬಲ. ಚಿತ್ರ ಗುರ್ಜೀಫ್ ಅವರ ಬೋಧನೆಯಿಂದ ಹೊರಬಂದದ್ದು. ಅದರ ಮೇಲೆ ಒಂಬತ್ತು ವ್ಯಕ್ತಿತ್ವಗಳನ್ನು ಕೂರಿಸಿ ಕಲಿಸಿದವರು ಬೊಲಿವಿಯಾದ ಆಸ್ಕರ್ ಇಚಾಸೊ. 1970ರಲ್ಲಿ ಚಿಲಿಯ ಅರಿಕಾದಲ್ಲಿ ಅವರ ಬಳಿ ಕಲಿತ ಮನೋವೈದ್ಯ ಕ್ಲಾಡಿಯೊ ನರಾಂಹೊ ಅದನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದರು. ಅಲ್ಲಿಂದ ಕ್ರೈಸ್ತ ಧ್ಯಾನಕೇಂದ್ರಗಳ ಮೂಲಕ, ಪುಸ್ತಕಗಳ ಮೂಲಕ ನಮ್ಮ ತನಕ ಬಂದಿದೆ.

ಟೈಪ್ 4 ಅಂದರೆ ತನ್ನೊಳಗೆ ಏನೋ ಒಂದು ಕಳೆದುಹೋಗಿದೆ ಅನ್ನುವ ಭಾವದಲ್ಲಿ ಬದುಕುವವರು. ತನ್ನದೇ ಆದದ್ದು ಬೇಕು, ಎರವಲು ತಂದದ್ದು ಬೇಡ. ಈಗ ಕುಮಾರರ ಬದುಕು ನೋಡಿ. 1924ರ ಏಪ್ರಿಲ್ 8ರಂದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಎಳೆಯ ವಯಸ್ಸಿನಲ್ಲೇ ದೊಡ್ಡ ದೊಡ್ಡ ಗವಾಯಿಗಳ ಗ್ರಾಮಾಫೋನ್ ತಟ್ಟೆ ಕೇಳಿ ಅವರ ಹಾಗೆಯೇ ಹಾಡಿ ಜನರನ್ನು ಬೆರಗುಗೊಳಿಸಿದ ಹುಡುಗ. ಮಠದ ಸ್ವಾಮಿಗಳೊಬ್ಬರು ಕೊಟ್ಟ ಬಿರುದೇ ಹೆಸರಾಯಿತು. ಅಂದರೆ ಬಾಲ್ಯವಿಡೀ ಬೇರೆಯವರ ದನಿ, ಬೇರೆಯವರು ಕೊಟ್ಟ ಹೆಸರು. ಆಮೇಲೆ ಮುಂಬೈಯಲ್ಲಿ ಬಿ. ಆರ್. ದೇವಧರರ ಬಳಿ ಕಲಿಕೆ, 1947ರಲ್ಲಿ ಭಾನುಮತಿಯವರ ಜೊತೆ ಮದುವೆ, ಅದರ ಬೆನ್ನಿಗೇ ಕ್ಷಯ. 1948ರ ಜನವರಿಯಲ್ಲಿ ಮಧ್ಯಪ್ರದೇಶದ ದೇವಾಸಿಗೆ ಹೋದರು. ಸುಮಾರು ಐದು ವರ್ಷ ಹಾಡಬಾರದು ಅಂತ ವೈದ್ಯರ ಕಟ್ಟಪ್ಪಣೆ. ಎದ್ದು ಬಂದಾಗ ಯಾರಂತೆಯೂ ಇಲ್ಲದ ಕುಮಾರ ಗಂಧರ್ವ. ಘರಾನಾ, ಅಂದರೆ ಒಂದು ಮನೆತನದ ಹಾಡುವ ಶೈಲಿ, ಬೇಡ ಅಂದರು, ತಮ್ಮದೇ ರಾಗಗಳನ್ನು ಕಟ್ಟಿದರು, ಕಬೀರನನ್ನು ಹಿಂದೆ ಯಾರೂ ಹಾಡದ ಹಾಗೆ ಹಾಡಿದರು.

ನನ್ನ ಮಂಡನೆಯ ನಡುವಿನ ಸಾಲು ಇದು: ಕ್ಷಯ ಅವರಿಗೆ ಟೈಪ್ 4ಕ್ಕೆ ಬೇಕೇ ಬೇಕಾದ ಏಕಾಂತವನ್ನು ಕೊಟ್ಟಿತು, ಆ ಏಕಾಂತದಲ್ಲಿ ಅವರು ತಮ್ಮ ನಿಜದ ದನಿಯನ್ನು ಕಂಡುಕೊಂಡರು. 4ರಿಂದ 1ಕ್ಕೆ (ಎಲ್ಲ ಸರಿಯಾಗಿರಬೇಕು ಅನ್ನುವ ಶಿಸ್ತಿನ ಬಗೆ) ಹೋಗುವ ಗೆರೆ ಬೆಳವಣಿಗೆಯ ಗೆರೆ. ಎದ್ದ ಮೇಲೆ ಬಂದ ಶಿಸ್ತು, ತಂಬೂರಿ ಶ್ರುತಿಯ ಬಗ್ಗೆ ಅವರಿಗಿದ್ದ ಕಟ್ಟುನಿಟ್ಟು ಅದರ ಗುರುತು ಅನ್ನಿಸುತ್ತದೆ. ಇದು ನಿಲ್ಲುತ್ತದೆಯೇ? ಪಕ್ಕದ ರೆಕ್ಕೆ, ಅಂದರೆ ನೆರೆಯ ಬಿಂದುವಿನ ಛಾಯೆ, 3 ಇರಬಹುದೋ 5 ಇರಬಹುದೋ? ಸಂಗೀತ ಬಲ್ಲವರು ತಪ್ಪಿದ್ದರೆ ನೇರವಾಗಿ ಹೇಳಿ.

ಹಾಸನದವ:

ಮೇಡಂ, ನಾನು ಸಂಖ್ಯಾಶಾಸ್ತ್ರ ನೋಡುವವನು, ಎನಿಯಾಗ್ರಾಮ್ ಅಷ್ಟು ಗೊತ್ತಿಲ್ಲ. ಹುಟ್ಟಿದ ತಾರೀಖು 8, ಅದು ಶನಿಯ ಸಂಖ್ಯೆ. ನಡುವಯಸ್ಸಿಗೆ ಮುಂಚೆ ದೊಡ್ಡ ತಡೆ, ದೇಹಕ್ಕೆ ಕಷ್ಟ, ಆಮೇಲೆ ಅಲುಗದ ಹೆಸರು. ತಾರೀಖು, ತಿಂಗಳು, ವರ್ಷ ಎಲ್ಲ ಕೂಡಿದರೆ 28, ಅದು 10, ಕೊನೆಗೆ 1. ಅದು ಸೂರ್ಯ, ಯಾರ ಹಿಂದೆಯೂ ನಡೆಯದ ಗುಣ. ಶನಿ ಮತ್ತು ಸೂರ್ಯ ಒಬ್ಬರ ಜಾತಕದಲ್ಲೇ ಹೀಗೆ ಎದುರುಬದುರಾದರೆ ಆ ಮನುಷ್ಯ ಹಳೆಯದನ್ನು ಹೊತ್ತುಕೊಂಡೇ ಹೊಸದನ್ನು ಮಾಡುತ್ತಾನೆ. ನಿಮ್ಮ ಟೈಪ್ 4ರ ಜೊತೆ ಇದನ್ನೂ ಇಟ್ಟು ನೋಡಿ.

ಮಂದ್ರಸಪ್ತಕ (ಮೈಸೂರು):

ಎನಿಯಾಗ್ರಾಮ್ ಒಳಗೇ ನಿಂತು ಹೇಳುವುದಾದರೆ ನನಗೆ ಇವರು 4 ಅನ್ನಿಸುವುದಿಲ್ಲ, 5 ಅನ್ನಿಸುತ್ತಾರೆ. 4ರವರಿಗೆ ತಮ್ಮ ಭಾವವೇ ವಸ್ತು. 5ರವರು ದೂರ ನಿಂತು ನೋಡುತ್ತಾರೆ, ಕೂಡಿಡುತ್ತಾರೆ, ಅರ್ಥಮಾಡಿಕೊಂಡ ಮೇಲೆಯೇ ಹೊರಗೆ ಬರುತ್ತಾರೆ.

ಕುಮಾರರು ದೇವಾಸಿನಲ್ಲಿ ಮಾಡಿದ್ದೇ ಇದು. ದೇವಾಸ್ ಇರುವ ಮಾಳವ ಸೀಮೆಯ ಹಾಡುಗಳನ್ನು ಕೇಳಿ ಸ್ವರಲಿಪಿ ಹಾಕಿದರು. ಯಾವ ಹಾಡಿನ ಧುನ್ (ಮಟ್ಟು) ಯಾವ ರಾಗದ ಬೀಜ ಅಂತ ಯೋಚಿಸಿದರು. ಜಾನಪದ ಧುನ್‌ಗಳಿಂದಲೇ ರಾಗ ಹುಟ್ಟುತ್ತದೆ ಅನ್ನುವ ತಮ್ಮ ವಿಚಾರಕ್ಕೆ ಸಾಕ್ಷಿಯಾಗಿ ಅಹಿಮೋಹಿನಿ, ಮಾಲವತಿ, ಸಂಜಾರಿ, ಲಗನ ಗಂಧಾರ, ಸಹೇಲಿ ತೋಡಿ ಮೊದಲಾದ ರಾಗಗಳನ್ನು ಕಟ್ಟಿ ಹಾಡಿ ತೋರಿಸಿದರು. ತಮ್ಮ ಬಂದಿಶ್‌ಗಳನ್ನೆಲ್ಲ (ರಾಗದಲ್ಲಿ ಕಟ್ಟಿದ ಹಾಡುಗಳು) ಕೂಡಿಸಿ 1965ರಲ್ಲಿ 'ಅನೂಪರಾಗವಿಲಾಸ'ದ ಮೊದಲ ಭಾಗ ಹೊರತಂದರು. ಮಳೆಗಾಲದ ಹಾಡುಗಳು, ವಸಂತದ ಹಾಡುಗಳು ಅಂತ ಒಂದೊಂದು ವಿಷಯ ಹಿಡಿದು ಇಡೀ ಕಛೇರಿ ರೂಪಿಸಿದರು. ಇದು ಸಂಶೋಧಕನ ಮನಸ್ಸು. ಏಕಾಂತ 5ಕ್ಕೂ ಬೇಕು, ಆದರೆ ಬೇಕಾಗುವ ಕಾರಣ ಬೇರೆ.

ಇನ್ನೊಂದು ಮಾತು, ನಿಮ್ಮ ಗುಂಪಿನಲ್ಲಿ ಹೇಳಿಯೇ ಇರುತ್ತಾರೆ: ಟೈಪ್ ಇರುವುದು ನಡತೆಯಲ್ಲಲ್ಲ, ನಡತೆಯ ಹಿಂದಿನ ಪ್ರೇರಣೆಯಲ್ಲಿ. ಅದು ಅವರವರಿಗಷ್ಟೇ ಗೊತ್ತು. ಅದಕ್ಕೇ ಒಳ್ಳೆಯ ಶಿಕ್ಷಕರು ಬೇರೆಯವರ ಟೈಪ್ ಹೇಳುವುದಿಲ್ಲ, ಅವರೇ ಕಂಡುಕೊಳ್ಳಲಿ ಅಂತ ಬಿಡುತ್ತಾರೆ. 1992ರಲ್ಲಿ ತೀರಿಕೊಂಡವರನ್ನು ಕೇಳುವ ದಾರಿ ನಮಗಿಲ್ಲ. ಆದ್ದರಿಂದ ನಾನು 5 ಅಂದದ್ದೂ ಒಂದು ಊಹೆ.

ಕುಂದಗೋಳ ರೋಡ್ (ಹುಬ್ಬಳ್ಳಿ):

ನೀಲಾಂಬರಿ ಅವರ, ನಿಮ್ಮ ಬರಹದಾಗ ಒಂದು ಸಾಲು ನನಗ ಭಾಳ ಚುಚ್ಚಿತು. ಅದಕ್ಕ ಇಷ್ಟುದ್ದ ಬರೀಲಿಕ್ಕೆ ಕೂತೀನಿ. "ಕ್ಷಯ ಅವರಿಗೆ ಬೇಕಾದ ಏಕಾಂತ ಕೊಟ್ಟಿತು" ಅಂದೀರಿ. ನಾನು ಎದೆರೋಗದ ವಾರ್ಡಿನ ಫಿಸಿಯೋಥೆರಪಿಸ್ಟ್. ಕ್ಷಯದಿಂದ ಗುಣ ಆದ ಮ್ಯಾಲೂ ಉಸಿರು ಸಾಲದೆ ಒದ್ದಾಡೋ ಮಂದಿಗೆ ಉಸಿರಾಟ ಕಲಿಸೋದು ನನ್ನ ಕೆಲಸ. ಸಣ್ಣಾಕಿ ಇದ್ದಾಗಿನಿಂದ ಖಯಾಲ್ (ಹಿಂದುಸ್ತಾನಿ ಗಾಯನದ ಮುಖ್ಯ ಪ್ರಕಾರ) ಕಲ್ತೀನಿ, ಈಗೂ ಹಾಡ್ತೀನಿ. ಹಿಂಗಾಗಿ ಕುಮಾರರನ್ನ ಕೇಳೂವಾಗ ನನ್ನ ಎರಡೂ ಕಿವಿ ಎಚ್ಚರ ಇರ್ತಾವ.

ಮೊದಲ 1948 ಅಂದ್ರ ಏನು ಅಂತ ನೋಡೋಣ. ಕ್ಷಯದ ಮೊದಲ ಔಷಧ ಸ್ಟ್ರೆಪ್ಟೋಮೈಸಿನ್ ಅಮೆರಿಕದಾಗ ಸಿಕ್ಕಿದ್ದು 1943ರಾಗ. ಅದು ಕ್ಷಯಕ್ಕ ನಿಜವಾಗಿ ಕೆಲಸ ಮಾಡ್ತದ ಅಂತ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ಪ್ರಯೋಗ ಪ್ರಕಟ ಮಾಡಿದ್ದು 1948ರಾಗ, ಅಂದ್ರ ಕುಮಾರರು ದೇವಾಸಿಗೆ ಹೋದ ವರ್ಷನ. ಐಸೋನಿಯಾಝಿಡ್ ಅನ್ನೋ ಇನ್ನೊಂದು ಔಷಧ ಬಂದಿದ್ದು 1952ಕ್ಕ. ಅಲ್ಲಿ ತನಕ ಭಾಳ ಮಂದಿಗೆ ಔಷಧ ಅಂದ್ರ ಹಾಸಿಗಿ, ಹಾಲು, ಒಣ ಹವಾ. ಮುಂಬೈಯ ಹಸಿ ಹವಾ ಬ್ಯಾಡ, ಮಾಳವದ ಒಣ ಹವಾ ಚಲೋ ಅಂತ ಅವರು ಅಲ್ಲಿ ಹೋದರು. ಮುಂದ 1956ರಿಂದ ಮದ್ರಾಸಿನಾಗ ನಡೆದ ದೊಡ್ಡ ಅಧ್ಯಯನ ತೋರಿಸಿಕೊಟ್ಟಿದ್ದು ಏನಂದ್ರ, ಗುಳಿಗಿ ಸರಿಯಾಗಿ ತಗೊಂಡ್ರ ಸ್ಯಾನಿಟೋರಿಯಂನಾಗ ಇರೋದೂ ಒಂದ, ಇಕ್ಕಟ್ಟಿನ ಮನಿಯೊಳಗ ಇರೋದೂ ಒಂದ. ಗುಣ ಮಾಡೋದು ಔಷಧ. ಹವಾ ಬದಲಿಸಬೇಕು ಅನ್ನೋ ವೈದ್ಯ ಆಮ್ಯಾಲ ಹಿಂದ ಬಿತ್ತು.

ಇದನ್ನ ಯಾಕ ಹೇಳಿದೆ ಅಂದ್ರ, ಕುಮಾರರ ಹಾಡಿನೊಳಗ ಮಾಳವ ಬಂದಿದ್ದರ ಹಿಂದ ಆ ಕಾಲದ ಒಂದು ವೈದ್ಯಕೀಯ ನಂಬಿಕಿ ಅದ. ಹತ್ತು ವರ್ಷ ತಡಾ ಆಗಿ ರೋಗ ಬಂದಿದ್ರ ಮುಂಬೈ ಮನಿಯೊಳಗ ಗುಳಿಗಿ ನುಂಗಿ ಗುಣ ಆಗ್ತಿದ್ರು, ದೇವಾಸ್ ಹಾದಿ ಹಿಡೀತಿರಲಿಲ್ಲ. ಇದು 4ರ ಒಳಗೂ ಇಲ್ಲ, 5ರ ಒಳಗೂ ಇಲ್ಲ, 8ನೇ ತಾರೀಖಿನೊಳಗೂ ಇಲ್ಲ. ಕ್ಷಯದ ಕ್ರಿಮಿ ಯಾರ ಟೈಪ್ ಏನು ಅಂತ ನೋಡಿ ಬರೂದಿಲ್ಲ. ಮತ್ತ ಅದು ಕೊಡೋದು ಏಕಾಂತ ಅಲ್ರಿ. ನನ್ನ ರೋಗಿಗಳು ಬಾಯಿ ಬಿಟ್ಟು ಹೇಳ್ತಾರ: ರಾತ್ರಿ ಕೆಮ್ಮು, ಮೈಯೆಲ್ಲಾ ಬೆವರು, ತಟ್ಟಿ-ಲೋಟ ಬ್ಯಾರೆ ಇಡೋ ಮನಿ ಮಂದಿ, ಮತ್ತ ಸಾಯ್ತೀನೇನೋ ಅನ್ನೋ ಒಂದ ವಿಚಾರ. ಹಾಡೋದ ಜೀವನ ಅಂದುಕೊಂಡ ಇಪ್ಪತ್ಮೂರು ವರ್ಷದ ಹುಡುಗ ಇನ್ನ ಹಾಡಬ್ಯಾಡ ಅನ್ನೋ ಮಾತು ಕೇಳಿ ಮಲಗ್ಯಾನ. ಅದಕ್ಕ ಅವನ ಒಳಗಿನ ಹಂಬಲ ಇದನ್ನ ಬೇಡಿತ್ತು ಅನ್ನಲಿಕ್ಕೆ ನನಗಂತೂ ನಾಲಗಿ ಏಳೂದಿಲ್ಲ.

ಎರಡನೇದ್ದು ಭಾನುಮತಿಯವರು. ನಿಮ್ಮ ವೃತ್ತದೊಳಗ ಅವರಿಗೆ ಜಾಗಾನ ಇಲ್ಲ, ಮದುವಿ ಆತು ಅಂತ ಒಂದು ಸಾಲಿನಾಗ ಬಂದು ಹೋಗ್ಯಾರ. ಅವರೂ ದೇವಧರರ ಶಾಲೆಯವರು, ಅವರೂ ಹಾಡವರು. ಮದುವಿ ಆಗಿ ವರ್ಷ ತುಂಬೂದರೊಳಗ ಗಂಡನ್ನ ಕರಕೊಂಡು ಗೊತ್ತಿಲ್ಲದ ಊರಿಗೆ ಬಂದು, ಸಾಲಿಯೊಳಗ ಕಲಿಸಿ ಮನಿ ನಡಿಸಿದ್ರು, ಅವರ ಆರೈಕಿನೂ ಮಾಡಿದ್ರು. 1961ರಾಗ ಎರಡನೇ ಮಗನ ಹೆರಿಗಿ ಹೊತ್ತಿಗೆ ತೀರಿಕೊಂಡರು. ದೇವಾಸಿನ ಮನಿ ಹೆಸರು 'ಭಾನುಕುಲ'. ಕುಮಾರರ ನಿಜವಾದ ದನಿ ಒಳಗಿನಿಂದ ಬಂತು ಅಂತ ನಾವು ಹೇಳೂವಾಗ, ಆ ಐದು ವರ್ಷ ಒಬ್ಬಾಕಿ ಹೆಣ್ಣುಮಗಳು ಹೊರಗ ದುಡಿದಿದ್ದು ಎಲ್ಲಿ ಹೋತು? ಮುಂದ ವಸುಂಧರಾ ಅವರು 1962ರಿಂದ ಕಡೀ ತನಕ ಅವರ ಜೋಡಿ ವೇದಿಕಿ ಮ್ಯಾಲೆ ಕೂತು ಹಾಡ್ಯಾರ. ಕುಮಾರರ ಧ್ವನಿಮುದ್ರಿಕೆ ಅಂತ ನಾವು ಕೇಳೋದರೊಳಗ ಎಷ್ಟೋ ಕಡೆ ಎರಡು ಕೊರಳು ಅದಾವ.

ಮೂರನೇದ್ದು, ಅವರು ಮಲಗಿದಲ್ಲೆ ಏನು ಮಾಡಿದ್ರು. ಹಾಡಲಿಕ್ಕೆ ಬರಂಗಿಲ್ಲ ಅಂದಮ್ಯಾಲ ಕಿವಿ ಒಂದ ಉಳೀತು. ಬೀದಿಯೊಳಗ ಹೆಣ್ಣುಮಕ್ಕಳು ಹಾಡಿಕೋತ ಹೋಗೋದು, ಭಿಕ್ಷಾ ಬೇಡವರ ಪದ, ಜೋಗಿಗಳ ಪದ. ದೇವಾಸಿನಾಗ ಶೀಲನಾಥ ಮಹಾರಾಜರ ಧೂನಿ (ಸಾಧುಗಳ ಅಗ್ನಿಕುಂಡ) ಅದ, ನಾಥಪಂಥದ ಯೋಗಿಗಳ ಜಾಗಾ. ಅಲ್ಲಿಯ ನಿರ್ಗುಣ ಪದಗಳು ಅವರ ಕಬೀರನ ಬೇರು. ಮಂದ್ರಸಪ್ತಕ ಅವರು ಹೇಳಿದ ಸ್ವರಲಿಪಿ ಕೆಲಸ ಎಲ್ಲಾ ಖರೆ. ಆದ್ರ ಅದನ್ನ 5ರ ಕೂಡಿಡೋ ಸ್ವಭಾವ ಅಂದ್ರ, ಹಾಡಿದವರು ಕಾಣದಂಗ ಆಗ್ತಾರ. ಆ ಮಾಳವದ ಹೆಣ್ಣುಮಕ್ಕಳು ಅವರಿಗೆ ಗುರು ಆಗಿದ್ರು ಅಂತ ನಾನು ತಿಳಕೋತೀನಿ. ದೇವಾಸಿನಾಗ ಆವಾಗ ಉಸ್ತಾದ್ ರಜಬ್ ಅಲಿ ಖಾನರೂ ಇದ್ದರು, ಅಂಥಾ ದೊಡ್ಡ ಗವಾಯಿ ಇದ್ದ ಊರದು. ಅಂಥಾ ಊರಾಗ ಕುಮಾರರು ಬೀದಿ ಹಾಡಿಗೂ ಅಷ್ಟ ಗೌರವ ಕೊಟ್ಟು ಕಿವಿ ಇಟ್ಟರಲ್ಲ, ಅದು ನನಗ ಅವರ ಬಗ್ಗೆ ಎಲ್ಲಾದಕ್ಕಿಂತ ದೊಡ್ಡ ಸಂಗತಿ.

ಈಗ ಉಸಿರು. ಒಂದು ಶ್ವಾಸಕೋಶ ಕೆಲಸ ಬಿಟ್ಟಿತ್ತು, ಅದಕ್ಕ ಸಣ್ಣ ಸಣ್ಣ ತುಣುಕಿನಾಗ ಹಾಡಿದ್ರು ಅಂತ ಎಲ್ಲಾರೂ ಹೇಳ್ತಾರ. ವಿಲಂಬಿತ (ಭಾಳ ನಿಧಾನದ ಲಯ) ಬಿಟ್ಟು ಮಧ್ಯಲಯಕ್ಕ ಬಂದಿದ್ದೂ ಅದಕ್ಕ ಅಂತಾರ. ನನ್ನ ಕೆಲಸದ ಅನುಭವದಿಂದ ಹೇಳಬೇಕಂದ್ರ ಇದೂ ಅರ್ಧ ಮಾತು. ಹಾವೇರಿ ಕಡೆಯ ಭಜನಾ ಮೇಳದ ಒಬ್ಬ ಹಾಡುಗಾರರು ನನ್ನ ಹತ್ರ ಬರ್ತಿದ್ದರು, ಕ್ಷಯ ಗುಣ ಆಗಿ ಬಲಗಡೆ ಶ್ವಾಸಕೋಶದ ಮ್ಯಾಲಿನ ಭಾಗ ಕುಗ್ಗಿಹೋಗಿತ್ತು. ಅವರು ಹಾಡಿದ್ದನ್ನ ಕೇಳೀನಿ. ಉಸಿರು ಮುಗಿದಲ್ಲೆ ಸಾಲು ಮುಗೀತಿತ್ತು. ಕಡೀ ಎರಡಕ್ಷರ ನುಂಗಿ ಮೇಳದವರಿಗೆ ಬಿಟ್ಟುಕೊಡ್ತಿದ್ದರು. ಎದೆಯೊಳಗ ಗಾಳಿ ಕಡಿಮಿ ಇದ್ದವರು ಸಹಜವಾಗಿ ಮಾಡೋದು ಇದನ್ನ. ನಿಲ್ಲೋ ಜಾಗಾ ಎದೆ ಗೊತ್ತುಮಾಡ್ತದ. ಕುಮಾರರನ್ನ ಕೇಳ್ರಿ. ಅವರು ನಿಲ್ಲೋದು ಉಸಿರು ಮುಗಿದಲ್ಲೆ ಅಲ್ಲ, ಸ್ವರ ಇನ್ನೂ ತುಂಬಿದ್ದಾಗನ ಕಡೀತಾರ. ಕಡಿದ ಮ್ಯಾಲೆ ಎರಡು ತಂಬೂರಿ ಆ ಸ್ವರಾನ ಮುಂದ ಒಯ್ತಾವ. ಅವರು ತಂಬೂರಿ ಶ್ರುತಿಗೆ ಅಷ್ಟು ಹೊತ್ತು ಯಾಕ ಕೊಡ್ತಿದ್ರು ಅನ್ನೋದು ನನಗ ಅಲ್ಲೆ ತಿಳೀತು. ಹಾಡಿನ ಅರ್ಧ ಭಾರ ಆ ತಂತಿ ಮ್ಯಾಲೆ ಇತ್ತು. ನೀವು ಅದನ್ನ 1ನೇ ಟೈಪಿನ ಕಟ್ಟುನಿಟ್ಟು ಅಂದೀರಿ. ಅದು ಉಸಿರಿನ ಲೆಕ್ಕದೊಳಗ ಕೂಡಿದ ಕೆಲಸ. ಮತ್ತ ವಸಂತ ಆಚರೇಕರರ ತಬಲಾ. ದಶಕಗಟ್ಟಲೆ ಜೋಡಿ ಕೂತ ಆ ಮನುಷ್ಯ ಕುಮಾರರು ಬಿಟ್ಟ ಜಾಗಾ ತುಂಬಲಿಕ್ಕೆ ಹೋಗೂದಿಲ್ಲ, ಬರೇ ಠೇಕಾ (ತಾಳದ ಮೂಲ ಬಡಿತ) ಹಿಡಿದು ಆ ಜಾಗಾ ಕಾಯ್ತಾರ.

ಅಂದ್ರ ಕಡಿಮಿ ಉಸಿರು ಒಂದು ಖರೆ ಸಂಗತಿ, ಅದನ್ನ ಅವರು ಏನು ಮಾಡಿದ್ರು ಅನ್ನೋದು ಇನ್ನೊಂದು. ಕಾಯಿಲೆ ಹೋದಮ್ಯಾಲೆ ಉಸಿರು ಉದ್ದ ಮಾಡಲಿಕ್ಕೆ ಹೋಗಿ ಸೋತಿದ್ದರ ಇಡೀ ಕಥಿ ಬ್ಯಾರೆ ಆಗ್ತಿತ್ತು. ನನ್ನ ರೋಗಿಗಳಿಗೂ ನಾನು ಹೇಳೋದು ಅದನ್ನ: ಇದ್ದ ಉಸಿರಿನೊಳಗ ವಾಕ್ಯ ಕಟ್ಟೋದು ಕಲೀರಿ.

ನಕಲು ಮಾಡಿದ ಬಾಲ್ಯದ ಬಗ್ಗೆ ಒಂದು ಮಾತು. ಎರವಲು ದನಿಯ ಗಾಯ ಅಷ್ಟು ಆಳ ಇದ್ದಿದ್ರ, ಮರಾಠಿ ರಂಗಭೂಮಿಯ ಗಾಯಕ-ನಟ ಬಾಲಗಂಧರ್ವರ ಹಾಡುಗಳನ್ನ ತಗೊಂಡು ಒಂದಿಡೀ ಕಾರ್ಯಕ್ರಮ ಯಾಕ ಮಾಡ್ತಿದ್ದರು? ಇನ್ನೊಬ್ಬರ ದನಿಯ ಹತ್ರ ಅವರು ಮುಪ್ಪಿನ ತನಕ ಪ್ರೀತಿಯಿಂದ ಹೋಗ್ಯಾರ. ಸೂರದಾಸ, ಮೀರಾ, ತುಕಾರಾಮ. ಗಾಂಧೀಜಿ ಜನ್ಮಶತಾಬ್ದಿಗೆ 1969ರಾಗ ಗಾಂಧಿ ಮಲ್ಹಾರ್ ಅನ್ನೋ ರಾಗಾನ ಕಟ್ಟಿದ್ರು. ತನ್ನದ ಬೇಕು ಅನ್ನೋ ಹಟ ನನಗ ಅಲ್ಲಿ ಕೇಳಿಸೂದಿಲ್ಲ.

ಎನಿಯಾಗ್ರಾಮ್ ಬಿಟ್ಟುಬಿಡ್ರಿ ಅಂತ ನಾನು ಹೇಳಂಗಿಲ್ಲ. ಬ್ಯಾರೆ ಒಂದು ದಾರಿ ಹೇಳ್ತೀನಿ. ಗುರ್ಜೀಫ್ ಈ ಚಿತ್ರ ಹೇಳಿದ್ದು ಮನುಷ್ಯರ ಟೈಪ್‌ಗೋಸ್ಕರ ಅಲ್ಲ. ಯಾವುದ ಕೆಲಸ ಹೆಂಗ ಮುಂದ ಸಾಗ್ತದ ಅನ್ನೋದಕ್ಕ. ಮತ್ತ ಅದಕ್ಕ ಅವರು ಆರಿಸಿಕೊಂಡಿದ್ದು ಸಪ್ತಕ. ಅವರ ಶಿಷ್ಯ ಉಸ್ಪೆನ್ಸ್ಕಿ ಬರೆದಿಟ್ಟಾರ: ನಮ್ಮ ಬಿಲಾವಲ್ ಥಾಟಿನ (ಎಲ್ಲಾ ಶುದ್ಧ ಸ್ವರದ ಸಪ್ತಕ) ಸ್ವರ ತಗೊಂಡು ನೋಡಿದ್ರ ಸಾ, ರೀ, ಗ ತನಕ ಒಂದ ಓಟ. ಗ ಮತ್ತು ಮ ನಡುವ ಅಂತರ ಸಣ್ಣದಾಗ್ತದ, ಅಲ್ಲಿ ಕೆಲಸದ ವೇಗ ಕುಗ್ಗಿ ದಾರಿ ಹೊರಳ್ತದ. ಹೊರಗಿನಿಂದ ಒಂದು ಪೆಟ್ಟು ಬೀಳಬೇಕು, ಆವಾಗ ಮುಂದ ಸಾಗ್ತದ. ವೃತ್ತದ ಮ್ಯಾಲೆ ಆ ಪೆಟ್ಟಿನ ಜಾಗಾ 3ನೇ ಬಿಂದು. ದೇಹ ಅನ್ನ ಅರಗಿಸೋದನ್ನ ಅವರು ಇದ ಚಿತ್ರದಾಗ ವಿವರಿಸ್ತಾರ, ಅಲ್ಲಿ 3ನೇ ಬಿಂದುವಿನಾಗ ಹೊರಗಿನಿಂದ ಒಳಗ ಬರೋದು ಏನು ಗೊತ್ತೇನು? ಗಾಳಿ. ಉಸಿರು.

ಕುಮಾರರನ್ನ ಒಂದು ಬಿಂದುವಿನ ಮ್ಯಾಲೆ ಕೂರಿಸೋ ಬದ್ಲಿ ಅವರ ಸಂಗೀತಾನ ಈ ವೃತ್ತದ ಮ್ಯಾಲೆ ನಡಿಸಿ ನೋಡ್ರಿ. ಸುಳೇಭಾವಿ, ತಟ್ಟೆ ಕೇಳಿ ಹಾಡಿದ್ದು, ದೇವಧರರು, ಅಂಜನೀಬಾಯಿ ಮಾಲ್ಪೇಕರರ ಹತ್ರ ಕಲಿತಿದ್ದು: ಅಷ್ಟು ಒಂದ ಓಟ. ಅಲ್ಲೆ ಅದು ನಿಂತು ಹೊರಳಬಹುದಿತ್ತು, ಎಳೆವಯಸ್ಸಿನ ಎಷ್ಟೋ ಪ್ರತಿಭೆಗಳು ಅಲ್ಲೆ ನಿಂತಾವ. ಹೊರಗಿನಿಂದ ಏನೇನು ಬಂತು ಅಂತ ಕೇಳ್ರಿ. ನಿಮ್ಮ ಗುಂಪಿನ ಚರ್ಚಾ ಅಲ್ಲಿಂದ ಬ್ಯಾರೆ ಹಾದಿ ಹಿಡೀತದ.

ನೀಲಾಂಬರಿ (ಬೆಂಗಳೂರು):

ಇದನ್ನು ಓದಿ ನಿನ್ನೆ ಸಂಜೆ ಪೂರ್ತಿ ಕ್ಯಾಸೆಟ್ಟಿನಲ್ಲಿದ್ದ ಭಜನೆಗಳನ್ನೇ ಮತ್ತೆ ಕೇಳಿದೆ. ತಂಬೂರಿಯ ಬಗ್ಗೆ ನೀವು ಹೇಳಿದ್ದು ಈಗ ಕೇಳಿಸುತ್ತಿದೆ. 'ಉಡ್ ಜಾಯೇಗಾ ಹಂಸ್ ಅಕೇಲಾ' ಹಾಡುವಾಗ ಸಾಲಿನ ನಡುವೆ ಅವರು ಬಿಡುವ ಜಾಗಗಳಲ್ಲಿ ನಾನು ಇಷ್ಟು ವರ್ಷ ಮುಂದಿನ ಪದಕ್ಕೆ ಕಾಯುತ್ತಿದ್ದೆ, ಅಲ್ಲಿರುವ ಶ್ರುತಿಗೆ ಕಿವಿಗೊಟ್ಟಿರಲಿಲ್ಲ.

ಮಂಡನೆಯ ಆ ಸಾಲನ್ನು ತೆಗೆಯುತ್ತೇನೆ. ಭಾನುಮತಿಯವರಿಗೆ ಒಂದು ಭಾಗವನ್ನೇ ಕೊಡುತ್ತೇನೆ. ಆದರೆ ಒಂದು ತೊಡಕು ಉಳಿಯುತ್ತದೆ. ಕ್ಷಯ 3ನೇ ಬಿಂದುವಿನಲ್ಲಿ ಬಿದ್ದ ಪೆಟ್ಟು, ಅದರಿಂದ ಸಂಗೀತ ಮುಂದೆ ಸಾಗಿತು ಅಂದರೆ, ಅದೂ ರೋಗವನ್ನು ವರವಾಗಿಸಿದ ಹಾಗೇ ಆಗುವುದಿಲ್ಲವೇ? ನೀವು ಬೇಡ ಅಂದ ಮಾತು ಬೇರೆ ಬಾಗಿಲಿನಿಂದ ಒಳಗೆ ಬಂದಂತಾಗುತ್ತದೆ.

ಮಂದ್ರಸಪ್ತಕ ಅವರೇ, 4 ಮತ್ತು 5ರ ನಡುವಿನ ವ್ಯತ್ಯಾಸ ಚೆನ್ನಾಗಿ ಬಿಡಿಸಿ ಹೇಳಿದಿರಿ. ರೆಕ್ಕೆ 5 ಅಂತಾದರೂ ಉಳಿಸಿಕೊಳ್ಳಲೇ ಅಂತ ಯೋಚಿಸುತ್ತಿದ್ದೇನೆ.

ಕುಂದಗೋಳ ರೋಡ್ (ಹುಬ್ಬಳ್ಳಿ):

ಚಲೋ ಹಿಡಿದಿರಿ. ಅದಕ್ಕ ನಾನು ಕ್ಷಯಾನ ಆ ಬಿಂದುವಿನಾಗ ಇಡೂದಿಲ್ಲ. ಕ್ಷಯ ಆ ಓಟ ನಿಲ್ಲಿಸಿದ್ದು. ಅಂತರ ಅದು. ಹೊರಗಿನಿಂದ ಬಂದು ದಾಟಿಸಿದ್ದು ಬ್ಯಾರೆ: ಸ್ಟ್ರೆಪ್ಟೋಮೈಸಿನ್ ಸೂಜಿ, ಭಾನುಮತಿಯವರ ಪಗಾರ, ಬೀದಿಯೊಳಗ ಬಂದ ಹಾಡು, ಶೀಲನಾಥರ ಧೂನಿಯ ಪದ. ಇವು ನಾಲ್ಕರಾಗ ಒಂದು ಇಲ್ಲದಿದ್ರೂ 1953ರ ಹೊತ್ತಿಗೆ ಅವರು ಮತ್ತ ವೇದಿಕಿ ಏರ್ತಿದ್ದರೋ ಇಲ್ಲೋ, ಏರಿದ್ರೂ ಯಾವ ಕುಮಾರರು ಏರ್ತಿದ್ದರೋ. ಅದ ಕಾಲದಾಗ ಅದ ರೋಗದಿಂದ ಮಲಗಿ ಔಷಧ ಸಿಗದ ಹೋದ ಹಾಡುಗಾರರ ಹೆಸರು ನಮಗ ಯಾರಿಗೂ ಗೊತ್ತಿಲ್ಲ. ರೋಗ ಅವರಿಗೂ ಬಂದಿತ್ತು. ರೋಗಾನ ದನಿ ಕೊಡೂದಿದ್ರ ಅವರಿಗೂ ಕೊಡಬೇಕಿತ್ತು.

ನನಗ ಇದರ ಬಗ್ಗೆ ಇಷ್ಟು ಸಿಟ್ಟು ಯಾಕ ಅಂದ್ರ, ವಾರ್ಡಿನಾಗ ಇದನ್ನ ನೋಡ್ತೀನಿ. "ದೇವರು ಪರೀಕ್ಷಾ ಮಾಡ್ಯಾನ, ನಿನ್ನ ಸ್ವಭಾವಕ್ಕ ಇದು ಬೇಕಿತ್ತು" ಅಂತ ಮನಿ ಮಂದಿ ಹೇಳಿಬಿಡ್ತಾರ, ಗುಳಿಗಿ ತಪ್ಪಿಸಿದ್ರ ಕೇಳವರು ಇರಂಗಿಲ್ಲ. ಬೆಂಗಳೂರಿನಾಗ ರಾಷ್ಟ್ರೀಯ ಕ್ಷಯರೋಗ ಸಂಸ್ಥಾ 1959ರಾಗ ಶುರು ಆಗೇದ. ಔಷಧ ಎಷ್ಟು ವರ್ಷದಿಂದ ಕೈಯಾಗ ಅದ. ಈಗೂ ಎಷ್ಟೋ ಮಂದಿ ಅರ್ಧಕ್ಕ ಬಿಡ್ತಾರ. ದೊಡ್ಡ ಗವಾಯಿಯ ಕಥಿಯೊಳಗ ರೋಗಕ್ಕ ಸಿಂಗಾರ ಮಾಡಿದ್ರ ಅದು ಇಲ್ಲಿ ತನಕ ಬರ್ತದ.

ಮಂದ್ರಸಪ್ತಕ (ಮೈಸೂರು):

ನಾನು 5ರಲ್ಲೇ ನಿಲ್ಲುತ್ತೇನೆ. ಹೊರಗಿನಿಂದ ಹಾಡು ಎಲ್ಲರ ಬೀದಿಯಲ್ಲೂ ಬರುತ್ತದೆ, ಮಲಗಿದಲ್ಲೇ ಅದರ ಒಳಗನ್ನು ಹುಡುಕಿದವರು ಒಬ್ಬರೇ. ಬಂದದ್ದನ್ನು ಯಾರು ಹೇಗೆ ಹಿಡಿದುಕೊಳ್ಳುತ್ತಾರೆ ಅನ್ನುವ ಜಾಗದಲ್ಲಿ ಸ್ವಭಾವಕ್ಕೆ ಕೆಲಸ ಇದ್ದೇ ಇದೆ, ಅದನ್ನು ಪೂರ್ತಿ ತೆಗೆದುಹಾಕಲು ಬರುವುದಿಲ್ಲ. ಆದರೆ ಆ ಹೆಣ್ಣುಮಕ್ಕಳನ್ನು ಗುರು ಅಂದದ್ದನ್ನು ಒಪ್ಪುತ್ತೇನೆ. ಧುನ್‌ನಿಂದ ರಾಗ ಅನ್ನುವ ಕುಮಾರರ ವಿಚಾರದಲ್ಲೇ ಆ ಮಾತು ಅಡಗಿದೆ, ಅವರಿಗೆ ಶಾಸ್ತ್ರಕ್ಕಿಂತ ಹಾಡು ಹಿರಿಯದು.

ಕುಂದಗೋಳ ರೋಡ್ (ಹುಬ್ಬಳ್ಳಿ):

ಒಪ್ಪಿದೆ, ಹಿಡಕೊಳ್ಳೋದು ಅವರದ. ಅದಕ್ಕ ನಂಬರ್ ಹಚ್ಚೋದು ಬಿಡೋದು ನಿಮ್ಮ ನಿಮ್ಮ ಅಭ್ಯಾಸ.

ನೀಲಾಂಬರಿ ಅವರ, ಮಂಡನಿಗೆ ಹೋಗೂವಾಗ ಒಂದು ಕೆಲಸ ಮಾಡ್ರಿ. ಒಂದು ನಿರ್ಗುಣ ಭಜನಿ, ಒಂದು ಮಧ್ಯಲಯದ ಬಂದಿಶ್ ಒಯ್ಯಿರಿ. ಬಾಲ್ಯದ ತಟ್ಟೆ ಸಿಕ್ಕರೂ ಹಾಕ್ರಿ, ಆದ್ರ ಅದರಿಂದ ಉಸಿರಿನ ಲೆಕ್ಕ ತೆಗೀಬ್ಯಾಡ್ರಿ. 78ರ ತಟ್ಟೆ ಒಂದು ಬದಿ ಓಡೋದು ಮೂರು ನಿಮಿಷ, ಅಷ್ಟರೊಳಗ ಎಲ್ಲಾರೂ ಅವಸರದಾಗ ಹಾಡ್ಯಾರ. ಎಲ್ಲಾರ ಕೈಯಾಗ ಪದ ಬರೆದ ಹಾಳಿ ಕೊಟ್ಟು, ಕುಮಾರರು ಉಸಿರು ತಗೊಂಡಲ್ಲೆ ಪೆನ್ಸಿಲ್ಲಿನಿಂದ ಗೀಟು ಹಾಕ್ರಿ ಅನ್ರಿ. ಎರಡನೇ ಸಲ ಕೇಳೂವಾಗ ಸ್ವರ ಕಡಿದಲ್ಲೆ ಬ್ಯಾರೆ ಬಣ್ಣದ ಗೀಟು. ಎರಡೂ ಗೀಟು ಎಲ್ಲೆಲ್ಲಿ ಕೂಡ್ತಾವ, ಎಲ್ಲೆಲ್ಲಿ ಕೂಡೂದಿಲ್ಲ ಅಂತ ನೋಡ್ರಿ. ಟೈಪ್ ಚರ್ಚಾ ಆಮ್ಯಾಲ ಇಟ್ಟುಕೋರಿ. ಮಂಡನಿ ಆದಮ್ಯಾಲ ಇಲ್ಲೆ ಬಂದು ಬರೀರಿ, ಹಾಳಿಗಳ ಫೋಟೋ ಹಾಕಿದ್ರ ನನ್ನ ರೋಗಿಗಳಿಗೂ ತೋರಿಸ್ತೀನಿ.